ರಾಜಿಗೆ ಯಾರ ರುಜು?

1

ಇಂಗ್ಲಿಷಿನ ಕಾನೂನು ಪುಸ್ತಕಗಳಲ್ಲಿ 'ಡಿಸೆಬಿಲಿಟಿ' ಅನ್ನುವ ಪದ ಎರಡು ಕಡೆ ಬರುತ್ತದೆ. ಎರಡು ಕಡೆಯೂ ಅದು ಬೇರೆ ಬೇರೆ ಜನರನ್ನು ಕುರಿತು ಮಾತಾಡುತ್ತದೆ. ಒಂದು, ನಮಗೆಲ್ಲ ಗೊತ್ತಿರುವ ಸಂವಿಧಾನದ 17ನೇ ವಿಧಿ. ಅಸ್ಪೃಶ್ಯತೆಯಿಂದ ಹುಟ್ಟುವ ಯಾವುದೇ 'ಡಿಸೆಬಿಲಿಟಿ'ಯನ್ನು ಜಾರಿ ಮಾಡುವುದು ಅಪರಾಧ ಅಂತ ಅದು ಹೇಳುತ್ತದೆ. ಸಂವಿಧಾನಕ್ಕೂ ಮೊದಲೇ ಈ ಪದ ನಮ್ಮ ಕಡೆ ಓಡಾಡಿತ್ತು. 1938ರಲ್ಲಿ ಎಂ.ಸಿ. ರಾಜಾ ಅವರು ಮದ್ರಾಸಿನಲ್ಲಿ ಮುಂದೆ ನಿಂತು ತಂದ ಕಾಯ್ದೆ, 1943ರಲ್ಲಿ ಮೈಸೂರು ಸಂಸ್ಥಾನ ಮಾಡಿದ ಕಾಯ್ದೆ, ಎರಡರ ಹೆಸರೂ 'ಸಿವಿಲ್ ಡಿಸೆಬಿಲಿಟಿ'ಗಳನ್ನು ತೆಗೆದುಹಾಕುವ ಕಾಯ್ದೆ ಅಂತಲೇ. ಕೆರೆಯ ನೀರು, ಊರ ಬಾವಿ, ರಸ್ತೆ, ಛತ್ರ ಇವುಗಳಿಂದ ನಮ್ಮನ್ನು ದೂರ ಇಟ್ಟ ಕಟ್ಟಳೆಗೆ ಸರ್ಕಾರ ಕೊಟ್ಟ ಹೆಸರು ಅದು.

ಇನ್ನೊಂದು ಕಡೆ, 1963ರ ಲಿಮಿಟೇಷನ್ ಕಾಯ್ದೆಯ 6ನೇ ಕಲಮು. ಅಲ್ಲಿ 'ಲೀಗಲ್ ಡಿಸೆಬಿಲಿಟಿ' ಅಂದರೆ ಮೈನರ್ ಆದವರು, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು. ಇಂಥವರು ತಮ್ಮ ಹಿತವನ್ನು ತಾವೇ ನೋಡಿಕೊಳ್ಳಲಾರರು, ಅವರ ಪರವಾಗಿ ಇನ್ನೊಬ್ಬರು ನಿಲ್ಲಬೇಕು, ಆ ಇನ್ನೊಬ್ಬರ ಮೇಲೆ ಕೋರ್ಟಿನ ಕಣ್ಣಿರಬೇಕು ಅನ್ನುವುದು ಕಾನೂನಿನ ಲೆಕ್ಕ.

ಒಂದು 'ಡಿಸೆಬಿಲಿಟಿ' ಸಮಾಜ ಹೊರಿಸಿದ್ದು. ಇನ್ನೊಂದು ವಯಸ್ಸಿನಿಂದಲೋ ಕಾಯಿಲೆಯಿಂದಲೋ ಬಂದದ್ದು. ಪುಸ್ತಕದಲ್ಲಿ ಇವೆರಡರ ನಡುವೆ ನೂರಾರು ಪುಟಗಳಿವೆ. ಆದರೆ ಕೋರ್ಟಿನ ಜಗಲಿಯಲ್ಲಿ ಇವು ಒಂದಕ್ಕೊಂದು ಬೆರೆತುಹೋಗುತ್ತವೆ. ಮೊದಲನೆಯದರಿಂದ ಓದು ಸಿಗದವರನ್ನು, ನೆಲ ಸಿಗದವರನ್ನು, ಕಾನೂನು ಸದ್ದಿಲ್ಲದೆ ಎರಡನೆಯದರ ಪಟ್ಟಿಗೆ ಸೇರಿಸಿಬಿಡುತ್ತದೆ. ಹೊರಿಸಿದ ಭಾರವನ್ನೇ ಹೊತ್ತವನ ಕೈಲಾಗದತನ ಅಂತ ಬರೆದುಕೊಳ್ಳುತ್ತದೆ. ಇದು ಹೇಗೆ ನಡೆಯಿತು ಅನ್ನುವುದರ ಚರಿತ್ರೆಯನ್ನು ನಾನಿಲ್ಲಿ 'ರಾಜಿ' ಎಂಬ ಒಂದೇ ಒಂದು ಕಾಗದದ ಮೂಲಕ ನೋಡಲು ಹೊರಟಿದ್ದೇನೆ. ನಾನು ವಕೀಲನಲ್ಲ. ಸಂಘಟನೆಯ ಕೆಲಸಕ್ಕೆ ಅಂತ ತಾಲೂಕು ಕೋರ್ಟುಗಳಿಗೆ ಜನರ ಜೊತೆ ಹೋಗಿ ಬಂದು ಮಾಡಿ, ಅವರ ಕಾಗದಗಳನ್ನು ಓದಿ ಹೇಳುತ್ತ, ನನಗೂ ಅಷ್ಟಿಷ್ಟು ಅರ್ಥವಾಗಿದೆ. ದಲಿತ ವಿಮರ್ಶೆ ಅಂದರೆ ಬರೀ ಕಥೆ, ಕವಿತೆ ಓದುವುದಲ್ಲ. ನಮ್ಮ ಹೆಬ್ಬೆಟ್ಟು ಬಿದ್ದ ಕಾಗದಗಳೂ ನಮ್ಮ ಪಠ್ಯಗಳೇ ಅಂತ ನಂಬಿದವನು ನಾನು.

2

ಮೊದಲು ಕಾನೂನು ಏನು ಹೇಳುತ್ತೆ ಅಂತ ನೋಡೋಣ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 32ನೇ ಆರ್ಡರ್ ಅಂತ ಒಂದಿದೆ. ಮೈನರ್ ಒಬ್ಬ ದಾವೆ ಹೂಡಬೇಕಾದರೆ ಅವನ ಪರವಾಗಿ ಹಿತೈಷಿಯೊಬ್ಬ ಹೂಡಬೇಕು. ಮೈನರ್ ಮೇಲೆ ದಾವೆ ಬಿದ್ದರೆ ಕೋರ್ಟು ಅವನಿಗೊಬ್ಬ ಗಾರ್ಡಿಯನ್‌ನನ್ನು ನೇಮಿಸಬೇಕು. ಹಾಗೆ ನಿಂತವನ ಹಿತಾಸಕ್ತಿ ಮೈನರ್‌ನ ಹಿತಕ್ಕೆ ಎದುರಾಗಿ ಇರಕೂಡದು, ಇದು 4ನೇ ನಿಯಮ. ಕೋರ್ಟಿನ ಅಪ್ಪಣೆ ಇಲ್ಲದೆ ಮೈನರ್‌ನ ದುಡ್ಡು ಗಾರ್ಡಿಯನ್ ಕೈಗೆ ಹೋಗಕೂಡದು, ಇದು 6ನೇ ನಿಯಮ. ಎಲ್ಲಕ್ಕಿಂತ ಮುಖ್ಯ 7ನೇ ನಿಯಮ: ಗಾರ್ಡಿಯನ್ ಎದುರುಪಕ್ಷದ ಜೊತೆ ರಾಜಿ ಮಾಡಿಕೊಳ್ಳಬೇಕಾದರೆ ಕೋರ್ಟಿನ ಅಪ್ಪಣೆ ಬೇಕು, ಆ ಅಪ್ಪಣೆ ಕಡತದಲ್ಲಿ ಸ್ಪಷ್ಟವಾಗಿ ದಾಖಲಾಗಿರಬೇಕು. ಬುದ್ಧಿ ಸ್ವಾಧೀನದಲ್ಲಿ ಇಲ್ಲದವರಿಗೂ ಇದೇ ಕ್ರಮ ಅಂತ 15ನೇ ನಿಯಮ ಹೇಳುತ್ತದೆ.

ಇದು ಇಂಗ್ಲೆಂಡಿನಿಂದ ಬಂದ ಸರಕು. ಅಲ್ಲಿ ದೊರೆಯೇ ಅನಾಥ ಮಕ್ಕಳಿಗೆ, ಬುದ್ಧಿ ಕೆಟ್ಟವರಿಗೆ ತಂದೆ ಅನ್ನುವ ಹಳೆಯ ಕಲ್ಪನೆ ಇತ್ತು. 'ಪೇರೆನ್ಸ್ ಪೇಟ್ರಿಯೇ' ಅಂತ ಅದಕ್ಕೆ ಲ್ಯಾಟಿನ್ ಹೆಸರು. ನಮ್ಮಲ್ಲಿ 1882ರ ಸಂಹಿತೆಯ 462ನೇ ಕಲಮಿನಲ್ಲೇ ರಾಜಿಗೆ ಅಪ್ಪಣೆ ಬೇಕು ಅನ್ನುವ ಮಾತಿತ್ತು. 1906ರಲ್ಲಿ ಅಲಹಾಬಾದಿನ ಕಡೆಯಿಂದ ಹೋದ ಒಂದು ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಇನ್ನೂ ಬಿಗಿ ಮಾಡಿತು. ಕೋರ್ಟು ರಾಜಿಯನ್ನು ಸುಮ್ಮನೆ ಒಪ್ಪಿಕೊಂಡು ಡಿಕ್ರಿ ಬರೆದರೆ ಸಾಲದು, ಇದರಲ್ಲಿ ಒಬ್ಬ ಮೈನರ್ ಇದ್ದಾನೆ ಅನ್ನುವುದು ನ್ಯಾಯಾಧೀಶರ ಗಮನಕ್ಕೆ ನೇರವಾಗಿ ಬಂದಿರಬೇಕು, ಅಪ್ಪಣೆ ಕೊಟ್ಟದ್ದು ಕಾಗದದ ಮೇಲೆ ಕಾಣಬೇಕು ಅಂತ ಹೇಳಿತು. 1908ರ ಸಂಹಿತೆಯಲ್ಲಿ ಇದೇ 32ನೇ ಆರ್ಡರ್ ಆಯಿತು. 1976ರ ತಿದ್ದುಪಡಿ ಮತ್ತೊಂದು ಬೀಗ ಹಾಕಿತು. ಅಪ್ಪಣೆ ಕೇಳುವ ಅರ್ಜಿಯ ಜೊತೆ ಗಾರ್ಡಿಯನ್‌ನ ಅಫಿಡವಿಟ್ ಬೇಕು, ಮೈನರ್‌ಗೆ ವಕೀಲರಿದ್ದರೆ ಈ ರಾಜಿ ಮೈನರ್‌ಗೆ ಒಳ್ಳೆಯದು ಅಂತ ಅವರ ಸರ್ಟಿಫಿಕೇಟೂ ಬೇಕು. ಅವೆಲ್ಲ ಇದ್ದರೂ ಕೋರ್ಟು ತಾನೇ ಪರೀಕ್ಷೆ ಮಾಡುವುದಕ್ಕೆ ಅಡ್ಡಿಯಿಲ್ಲ.

ಇಷ್ಟರಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಏಳನೇ ನಿಯಮದ ಎರಡನೇ ಉಪನಿಯಮ. ಅಪ್ಪಣೆಯಿಲ್ಲದೆ ರಾಜಿ ಆಗಿಬಿಟ್ಟರೆ? ಆ ರಾಜಿ ಎದುರುಪಕ್ಷದವರನ್ನು ಕಟ್ಟಿಹಾಕುತ್ತದೆ, ಮೈನರ್‌ನನ್ನು ಕಟ್ಟಿಹಾಕುವುದಿಲ್ಲ. ಬೇಡ ಅನ್ನುವ ಹಕ್ಕು ಅವನೊಬ್ಬನಿಗೇ. ದೊಡ್ಡವನಾದ ಮೇಲೆ ಕೋರ್ಟಿಗೆ ಬಂದು "ಅಂದು ನನ್ನ ಹೆಸರಲ್ಲಿ ಆದದ್ದು ನನಗೆ ಬೇಡ" ಅಂತ ಹೇಳಬಹುದು. ಬಲವಾದವನು ಬದ್ಧ, ಬಲವಿಲ್ಲದವನಿಗೆ ಬಿಡುಗಡೆಯ ಬಾಗಿಲು ತೆರೆದಿರುತ್ತದೆ. ರಕ್ಷಣೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ಸಾಲಿನ ಉಪನಿಯಮವನ್ನು ತೋರಿಸುತ್ತೇನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

3

ಆದರೆ ಈ ಕಾನೂನಿನ ಕಣ್ಣಿನಲ್ಲಿದ್ದ ಮಗು ಯಾವುದು? ದಾವೆ ಹೂಡುವುದಕ್ಕೆ ಆಸ್ತಿ ಬೇಕು. ರಾಜಿ ಮಾಡಿಕೊಳ್ಳುವುದಕ್ಕೆ ಪಾಲು ಬೇಕು. ಚಿಕ್ಕಪ್ಪ ಮೋಸ ಮಾಡಿಯಾನು, ಸೋದರಮಾವ ತೋಟ ಬರೆಸಿಕೊಂಡಾನು ಅಂತ ಹೆದರಬೇಕಾದರೆ ತೋಟ ಇರಬೇಕು. 1875ರ ಮೆಜಾರಿಟಿ ಕಾಯ್ದೆ ಸಾಮಾನ್ಯರಿಗೆ 18 ವರ್ಷ ಅಂತ ಗೆರೆ ಎಳೆಯಿತು. ಕೋರ್ಟು ಗಾರ್ಡಿಯನ್ ನೇಮಿಸಿದ ಮಗುವಿಗೆ, ಕೋರ್ಟ್ ಆಫ್ ವಾರ್ಡ್ಸ್ ನೋಡಿಕೊಳ್ಳುತ್ತಿದ್ದ ಎಸ್ಟೇಟಿನ ಮಗುವಿಗೆ 21 ವರ್ಷ. ಅಂದರೆ ಆಸ್ತಿವಂತರ ಮಗುವಿನ ಬಾಲ್ಯಕ್ಕೆ ಕಾನೂನು ಇನ್ನೂ ಮೂರು ವರ್ಷ ಜಾಸ್ತಿ ಕೊಟ್ಟಿತ್ತು. ಈ ಭೇದ ಹೋಗಿದ್ದು 1999ರ ತಿದ್ದುಪಡಿಯಲ್ಲಿ.

ಅದೇ ಕಾಲದಲ್ಲಿ ಇನ್ನೊಂದು ಮಗು ಇತ್ತು. ಅಪ್ಪ ಮಾಡಿದ ಸಾಲಕ್ಕೆ ಗೌಡರ ದನ ಕಾಯುತ್ತಿದ್ದ ಮಗು, ಬೀಡಿ ಕಾರ್ಖಾನೆಯಲ್ಲಿ, ರತ್ನಗಂಬಳಿ ಮಗ್ಗದಲ್ಲಿ ಅಡ ಇಟ್ಟ ಮಗು. ಆ ಮಗುವಿನ ಹೆಸರಲ್ಲೂ ಒಪ್ಪಂದ ಆಗುತ್ತಿತ್ತು. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ, ಮಗನ ಮೈ ಹೋಗುತ್ತಿತ್ತು. ಈ ಒಪ್ಪಂದಕ್ಕೆ ಕೋರ್ಟಿನ ಅಪ್ಪಣೆ ಬೇಕು ಅಂತ 1882ರಲ್ಲೂ ಯಾರೂ ಬರೆಯಲಿಲ್ಲ, 1908ರಲ್ಲೂ ಬರೆಯಲಿಲ್ಲ. ಮಗುವಿನ ಪಾಲಿನ ಗದ್ದೆಯನ್ನು ಗಾರ್ಡಿಯನ್ ಕಳೆಯದಂತೆ ಕಾವಲು ಹಾಕಿದ ಕಾನೂನು, ಮಗುವನ್ನೇ ಕಳೆಯುವ ಕರಾರನ್ನು ನೋಡಲೇ ಇಲ್ಲ. 1931ರಲ್ಲಿ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ರಾಯಲ್ ಕಮಿಷನ್ನು ವರದಿ ಕೊಟ್ಟಾಗ ಇದು ಬಯಲಿಗೆ ಬಂತು. 1933ರಲ್ಲಿ ಮಕ್ಕಳ ದುಡಿಮೆಯನ್ನು ಅಡ ಇಡುವ ಕರಾರು ಶೂನ್ಯ ಅಂತ ಕಾಯ್ದೆಯಾಯಿತು. ಶಿಕ್ಷೆ ಎಷ್ಟು ಗೊತ್ತೇ? ಅಡ ಇಟ್ಟ ತಂದೆತಾಯಿಗೆ 50 ರೂಪಾಯಿವರೆಗೆ ದಂಡ, ಇಟ್ಟುಕೊಂಡ ಧಣಿಗೆ 200 ರೂಪಾಯಿವರೆಗೆ ದಂಡ. ಜೀತವನ್ನೇ ರದ್ದು ಮಾಡುವ ಕಾಯ್ದೆ ಬರಲು 1976ರ ತನಕ ಕಾಯಬೇಕಾಯಿತು. ಜೀತದ ಕರಾರು ಅಷ್ಟೇ ಅಲ್ಲ, ಆ ಸಾಲವೇ ಅಳಿಯಿತು ಅಂತ ಅದು ಸಾರಿತು.

ನಮ್ಮ ಓದುಗರಲ್ಲಿ ಜೀತದ ಮನೆಯಿಂದ ಬಂದವರು ಎಷ್ಟೋ ಜನ ಇದ್ದೀರಿ. ನಿಮ್ಮ ತಾತನಿಗೆ ಕೇಳಿದ್ದರೆ ಹೇಳಿರೋರು, ತನ್ನನ್ನು ಬಿಡುವಾಗ ಯಾವ ನ್ಯಾಯಾಧೀಶನೂ ಕರೆದು "ಇದು ನಿನಗೆ ಒಳ್ಳೇದೇನಪ್ಪಾ?" ಅಂತ ಕೇಳಲಿಲ್ಲ ಅಂತ. ಕಾನೂನಿನ 'ಮೈನರ್' ಆಗುವುದಕ್ಕೂ ಒಂದು ಯೋಗ್ಯತೆ ಬೇಕಾಗಿತ್ತು. ನಮಗೆ ಅದು ಇರಲಿಲ್ಲ.

4

ಆಮೇಲೆ ಗಾಳಿ ತಿರುಗಿತು. ನಮ್ಮನ್ನೂ ಪಟ್ಟಿಗೆ ಸೇರಿಸಿಕೊಂಡರು. ಆದರೆ ಹೇಗೆ ಸೇರಿಸಿಕೊಂಡರು ಅನ್ನುವುದರಲ್ಲಿ ಇದೆ ವಿಷಯ.

ರಸ್ತೆ ಅಪಘಾತಗಳು ಹೆಚ್ಚಾದ ಮೇಲೆ ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಗಳು ಬಂದವು. ದುಡಿಯುವವನು ಲಾರಿಗೋ ಬಸ್ಸಿಗೋ ಸಿಕ್ಕಿ ಸತ್ತರೆ ಹೆಂಡತಿ ಮಕ್ಕಳಿಗೆ ಪರಿಹಾರ. ಜೀವಮಾನದಲ್ಲಿ ಕೂಡಿಸಿ ನೋಡದಷ್ಟು ದುಡ್ಡು ಒಟ್ಟಿಗೆ ಬರುತ್ತದೆ ಅಂದ ತಕ್ಷಣ ದಲ್ಲಾಳಿಗಳು, ಸಾಲ ಕೊಟ್ಟವರು, ಇದ್ದಕ್ಕಿದ್ದಂತೆ ಹುಟ್ಟಿಕೊಂಡ ನೆಂಟರು ಸುತ್ತ ನೆರೆಯುತ್ತಿದ್ದರು. ಇದು ಸುಳ್ಳಲ್ಲ, ನಾನೂ ಕಂಡಿದ್ದೇನೆ. ಇದನ್ನು ತಡೆಯುವುದಕ್ಕೆ ಗುಜರಾತ್ ಹೈಕೋರ್ಟು 1982ರಲ್ಲಿ ವರದಿಯಾದ ಒಂದು ತೀರ್ಪಿನಲ್ಲಿ ಕೆಲವು ಸೂಚನೆ ಕೊಟ್ಟಿತು. ಅವನ್ನು ಸುಪ್ರೀಂ ಕೋರ್ಟು 1991ರಲ್ಲಿ ಭೋಪಾಲದ ತೀರ್ಪಿನಲ್ಲಿ ಒಪ್ಪಿತು. 1993ರಲ್ಲಿ ಕೇರಳ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ದೇಶದ ಎಲ್ಲ ನ್ಯಾಯಮಂಡಳಿಗಳಿಗೂ ಹೇಳಿತು.

ಆ ಸೂಚನೆಗಳನ್ನು ಒಂದೊಂದಾಗಿ ಓದಬೇಕು. ಒಂದು: ಮೈನರ್ ಆದವರ ಪರಿಹಾರವನ್ನು ದೀರ್ಘಾವಧಿ ಠೇವಣಿಯಲ್ಲಿ ಇಡಬೇಕು, ಪ್ರಾಪ್ತ ವಯಸ್ಸು ಬರುವ ತನಕವಾದರೂ. ಎರಡು: ಅನಕ್ಷರಸ್ಥರಿಗೂ ಅದೇ ಕ್ರಮ. ಬೇಸಾಯದ ಸಲಕರಣೆಯೋ ರಿಕ್ಷಾವೋ ಕೊಳ್ಳಬೇಕು ಅಂತ ಕೇಳಿದರೆ ಕೊಡಬಹುದು, ಆದರೆ ದುಡ್ಡು ತೆಗೆಯಲು ಹೂಡಿದ ನೆಪ ಅದಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಮೂರು: ಅರ್ಧಂಬರ್ಧ ಓದಿದವರಿಗೂ ಸಾಮಾನ್ಯವಾಗಿ ಅದೇ ಕ್ರಮ. ನಾಲ್ಕು: ಓದಿದವರಿಗೂ, ಅವರ ವಯಸ್ಸು, ಹಣಕಾಸಿನ ಹಿನ್ನೆಲೆ, ಅವರು ಸೇರಿದ ಸಮಾಜದ ಸ್ತರ ನೋಡಿ, ಬೇಕೆನಿಸಿದರೆ ಅದೇ ಕ್ರಮ. ಮುಂದೆ: ವಿಧವೆಯರಿಗೆ ತಪ್ಪದೆ ಅದೇ ಕ್ರಮ.

ಮಗು, ಅಕ್ಷರ ಬಾರದವನು, ಗಂಡ ಸತ್ತವಳು, ಒಂದು ಸ್ತರಕ್ಕೆ ಸೇರಿದವನು. ನಾಲ್ವರೂ ಒಂದೇ ಸಾಲಿನಲ್ಲಿ. 'ಸಮಾಜದ ಸ್ತರ' ಅಂದರೆ ಈ ದೇಶದಲ್ಲಿ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಓದಿ ಪಾಸಾಗಿ ಬಂದರೂ ಸ್ತರ ನೋಡಿ ನಿನ್ನನ್ನು ಮೈನರ್ ಸಾಲಿಗೆ ನಿಲ್ಲಿಸಬಹುದು. ಇನ್ನೊಂದು ಸಂಗತಿ ಇದೆ, ಅದನ್ನು ಆಕಸ್ಮಿಕ ಅಂತ ಬೇಕಾದರೂ ಕರೆಯಿರಿ. ಗುಜರಾತಿನ ಆ ಮೊಕದ್ದಮೆಯ ಶೀರ್ಷಿಕೆಯಲ್ಲಿ ಪರಿಹಾರ ಕೇಳಿದವನ ಹೆಸರಿನ ಕೊನೆಗೆ ಇರುವ ಪದ 'ಹರಿಜನ'. ಅನಕ್ಷರಸ್ಥನನ್ನು ಮಗುವಿನ ಪಕ್ಕ ಕೂರಿಸಿದ ಸೂಚನೆಗಳು ಆ ಹೆಸರಿನ ಮೂಲಕವೇ ದೇಶದ ಕಾನೂನು ವರದಿಗಳಲ್ಲಿ ಓಡಾಡುತ್ತಿವೆ.

ಒಬ್ಬಳು ಹೆಣ್ಣುಮಗಳ ಜೊತೆ ನಾನು ಎರಡು ವರ್ಷ ಇಂಥ ಒಂದು ಕೇಸಿಗೆ ಓಡಾಡಿದೆ. ಗಂಡ ಕಲ್ಲು ಕೆಲಸಕ್ಕೆ ಹೋಗುತ್ತಿದ್ದವನು, ಲಾರಿ ಹೊಡೆದು ಸತ್ತ. ವಿಮಾ ಕಂಪನಿ ರಾಜಿಗೆ ಬಂತು, ಇಬ್ಬರು ಮೈನರ್ ಮಕ್ಕಳಿದ್ದುದರಿಂದ ಅಪ್ಪಣೆಯೂ ಆಯಿತು. ಮಕ್ಕಳ ಪಾಲು ಠೇವಣಿಗೆ ಹೋಯಿತು, ಅದು ಸರಿ. ಅವಳ ಪಾಲಿನ ಬಹುಭಾಗವೂ ಠೇವಣಿಗೆ ಹೋಯಿತು. ಅವಳಿಗೆ ಬೇಕಾಗಿದ್ದುದು ಎರಡು ಎಮ್ಮೆ. ಬ್ಯಾಂಕಿನವರು ಕೋರ್ಟಿನ ಆದೇಶ ತನ್ನಿ ಅಂದರು. ಆದೇಶಕ್ಕೆ ಅರ್ಜಿ, ಅರ್ಜಿಗೆ ವಕೀಲರು, ವಕೀಲರಿಗೆ ಫೀಸು. ಕೊನೆಗೆ ಊರಲ್ಲೇ ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಗೆ ಸಾಲ ಎತ್ತಿ ಎಮ್ಮೆ ತಂದಳು. ಅವಳದೇ ದುಡ್ಡು ಬ್ಯಾಂಕಿನಲ್ಲಿ ಭದ್ರವಾಗಿ ಇತ್ತು. "ನಾನು ಹತ್ತು ವರ್ಷ ಮನೆ ನಡೆಸಿದೀನಿ ಕಣಣ್ಣ, ನಂಗೆ ಎಣಿಸೋಕೆ ಬರಲ್ಲ ಅಂದ್ಕೊಂಡವ್ರಾ?" ಅಂದಳು. ಬಡ್ಡಿಯವನಿಂದ ಅವಳನ್ನು ಕಾಪಾಡಲು ಮಾಡಿದ ಏರ್ಪಾಡು ಅವಳನ್ನು ನೇರ ಬಡ್ಡಿಯವನ ಮನೆ ಬಾಗಿಲಿಗೇ ಕಳಿಸಿತ್ತು.

ಈ ಯಾಂತ್ರಿಕತೆ ಸುಪ್ರೀಂ ಕೋರ್ಟಿಗೂ ಕಂಡಿತು. 2012ರ ಒಂದು ತೀರ್ಪಿನಲ್ಲಿ ಅದು ನ್ಯಾಯಮಂಡಳಿಗಳನ್ನು ತರಾಟೆಗೆ ತೆಗೆದುಕೊಂಡು, ಆ ಸೂಚನೆಗಳು ಪ್ರತಿಯೊಬ್ಬರ ಸ್ಥಿತಿ ನೋಡಿ ವಿವೇಚನೆಯಿಂದ ಬಳಸಬೇಕಾದವು, ಕಣ್ಣುಮುಚ್ಚಿ ಎಲ್ಲರ ದುಡ್ಡನ್ನೂ ಠೇವಣಿಗೆ ಹಾಕುವುದಕ್ಕಲ್ಲ ಅಂತ ಹೇಳಿತು. ಒಳ್ಳೆಯದೇ ಆಯಿತು. ಆದರೆ ಮೂಲದಲ್ಲಿ ಆ ನಾಲ್ವರನ್ನು ಒಂದೇ ಸಾಲಿನಲ್ಲಿ ಯಾಕೆ ನಿಲ್ಲಿಸಿದಿರಿ ಅನ್ನುವ ಪ್ರಶ್ನೆ ಅಲ್ಲೇ ಇದೆ.

5

ಒಬ್ಬಳು ಹೆಂಗಸಿನ ಠೇವಣಿಯಲ್ಲಿ ಕಂಡದ್ದು ಒಂದು ಇಡೀ ನಗರದ ಮೇಲೆ ಹರಡಿದ್ದು ಭೋಪಾಲದಲ್ಲಿ.

1984ರ ಡಿಸೆಂಬರ್ 2-3ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಂತು. ಮೊದಲು ಸತ್ತವರು ಕಾರ್ಖಾನೆಯ ಎದುರಿಗೇ ಇದ್ದ ಜೆ.ಪಿ. ನಗರದಂಥ ಬಸ್ತಿಗಳ ಕೂಲಿಕಾರರು, ಬಡವರು. 1985ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಸಂತ್ರಸ್ತರ ಪರವಾಗಿ ದಾವೆ ಹೂಡುವ, ರಾಜಿ ಮಾಡಿಕೊಳ್ಳುವ ಹಕ್ಕು ಕೇಂದ್ರ ಸರ್ಕಾರಕ್ಕೆ ಮಾತ್ರ. ಬಡವರು ಒಬ್ಬೊಬ್ಬರಾಗಿ ಬಹುರಾಷ್ಟ್ರೀಯ ಕಂಪನಿಯನ್ನು ಎದುರಿಸಲಾರರು, ಆದ್ದರಿಂದ ಸರ್ಕಾರವೇ ತಂದೆ. ದೊರೆಯ ಆ ಹಳೇ ಲ್ಯಾಟಿನ್ ಪದ ಮತ್ತೆ ಎದ್ದು ಬಂತು. ಲಕ್ಷಾಂತರ ಜನ ವಯಸ್ಕರು, ಮತ ಹಾಕಿದವರು, ಮಕ್ಕಳನ್ನು ಹೆತ್ತವರು, ಒಂದು ಕಾಯ್ದೆಯಿಂದ ಮೈನರ್‌ಗಳಂತೆ ಆದರು.

ತಂದೆ 3.3 ಬಿಲಿಯನ್ ಡಾಲರ್, ಅಂದರೆ 330 ಕೋಟಿ ಡಾಲರ್ ಪರಿಹಾರ ಕೇಳಿದ. 1989ರ ಫೆಬ್ರವರಿ 14-15ರಂದು, ಮಧ್ಯಂತರ ಪರಿಹಾರದ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯುತ್ತಿದ್ದಾಗ, 47 ಕೋಟಿ ಡಾಲರಿಗೆ ರಾಜಿಯಾಯಿತು. ಸಿವಿಲ್ ಹಕ್ಕುಗಳಷ್ಟೇ ಅಲ್ಲ, ಕಂಪನಿಯ ಮೇಲಿದ್ದ ಕ್ರಿಮಿನಲ್ ಮೊಕದ್ದಮೆಗಳೂ ಆ ರಾಜಿಯಲ್ಲಿ ಮುಗಿದವು. ಬಸ್ತಿಯ ಯಾರನ್ನೂ ಕರೆದು ಕೇಳಲಿಲ್ಲ.

ಸಂತ್ರಸ್ತ ಹೆಣ್ಣುಮಕ್ಕಳೇ ಬಹುಸಂಖ್ಯೆಯಲ್ಲಿದ್ದ ಭೋಪಾಲ್ ಗ್ಯಾಸ್ ಪೀಡಿತ್ ಮಹಿಳಾ ಉದ್ಯೋಗ್ ಸಂಘಟನ್ ಬೀದಿಗೂ ಇಳಿಯಿತು, ಕೋರ್ಟಿಗೂ ಹೋಯಿತು. ಕಾಯ್ದೆಯನ್ನೇ ಪ್ರಶ್ನಿಸಿದ ಚರಣ್ ಲಾಲ್ ಸಾಹು ಪ್ರಕರಣದ ತೀರ್ಪು 1989ರ ಡಿಸೆಂಬರ್ 22ರಂದು ಬಂತು. ಅಲ್ಲಿ ಎತ್ತಿದ ಒಂದು ಪ್ರಶ್ನೆ ನಮ್ಮ 32ನೇ ಆರ್ಡರಿನ 4ನೇ ನಿಯಮವನ್ನು ನೆನಪಿಸುತ್ತದೆ. ಭಾರತದ ಕಂಪನಿಯಲ್ಲಿ ಸರ್ಕಾರಿ ಹಣಕಾಸು ಸಂಸ್ಥೆಗಳ ಷೇರುಗಳಿದ್ದವು. ಹಿತಾಸಕ್ತಿ ಎದುರಾಗಿರುವವನು ಗಾರ್ಡಿಯನ್ ಆಗಬಹುದೇ? ಬೇರೆ ಯಾರೂ ಆ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ, ಅನಿವಾರ್ಯ ಅಂತ ಕೋರ್ಟು ಉತ್ತರ ಕೊಟ್ಟಿತು. ಇನ್ನು ನೋಟಿಸು ಕೊಡದೆ ರಾಜಿ ಮಾಡಿದ್ದು? ಅದು ಪೂರ್ತಿ ಸರಿಯಲ್ಲ ಅಂತ ಕೋರ್ಟೇ ಹೇಳಿತು. ಆದರೂ ದೊಡ್ಡ ಒಳಿತಿಗಾಗಿ ಕೆಲವೊಮ್ಮೆ ಸಣ್ಣ ತಪ್ಪು ನಡೆಯಬಹುದು ಅನ್ನುವ ಅರ್ಥದ ಮಾತು ಸೇರಿಸಿ ಕಾಯ್ದೆಯನ್ನು ಎತ್ತಿಹಿಡಿಯಿತು. 1991ರ ಅಕ್ಟೋಬರ್ 3ರ ಪುನರ್‌ಪರಿಶೀಲನೆಯಲ್ಲಿ ಕ್ರಿಮಿನಲ್ ಮೊಕದ್ದಮೆಗಳು ಮತ್ತೆ ಜೀವ ಪಡೆದವು, ರಾಜಿಯ ಮೊತ್ತ ಮಾತ್ರ ಹಾಗೇ ಉಳಿಯಿತು.

ಆಮೇಲೆ ಲೆಕ್ಕ ತೆರೆಯಿತು. ರಾಜಿಯ ಹೊತ್ತಿಗೆ ಸುಮಾರು 3,000 ಸಾವು ಅಂತ ಇಟ್ಟುಕೊಂಡಿದ್ದರು. ಪರಿಹಾರ ಪಡೆದ ಸಾವಿನ ಪ್ರಕರಣಗಳೇ 5,000 ದಾಟಿದವು, ಎಲ್ಲ ಸೇರಿ ಪರಿಹಾರ ಸಿಕ್ಕವರು ಸುಮಾರು 5.7 ಲಕ್ಷ. ಗಾಯಗೊಂಡವರಲ್ಲಿ ಬಹುಪಾಲು ಜನಕ್ಕೆ ಸಿಕ್ಕಿದ್ದು 25,000 ರೂಪಾಯಿ, 2004ರಲ್ಲಿ ಉಳಿಕೆ ಹಣ ಹಂಚಲು ಆದೇಶವಾದ ಮೇಲೆ ಮತ್ತಷ್ಟೇ. ರಾಜಿಯ ಮೊತ್ತ ಸಾಲದು ಅಂತ ಕೇಂದ್ರ ಸರ್ಕಾರವೇ 2010ರಲ್ಲಿ ಕ್ಯುರೇಟಿವ್ ಅರ್ಜಿ ಹಾಕಿತು. 2023ರ ಮಾರ್ಚ್ 14ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ವಜಾ ಮಾಡಿತು. ಇಷ್ಟು ವರ್ಷ ಕಳೆದ ಮೇಲೆ ರಾಜಿಯನ್ನು ಬಿಚ್ಚಲಾಗದು.

ಈಗ 7ನೇ ನಿಯಮದ ಆ ಎರಡನೇ ಉಪನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಎದುರುಪಕ್ಷ ಬದ್ಧ, ಮೈನರ್ ಸ್ವತಂತ್ರ. ಇಲ್ಲಿ ಎದುರುಪಕ್ಷಕ್ಕೆ ಬಿಡುಗಡೆ, 'ಮೈನರ್' ಆದವರು ಕಾಯಂ ಬದ್ಧ. ಅಲ್ಲಿ ಮಗು ದೊಡ್ಡದಾದ ಮೇಲೆ ಬೇಡ ಅನ್ನಬಹುದು. ಭೋಪಾಲದ ಮಗು ಮೂವತ್ತು ವರ್ಷ ದಾಟಿದ ಮೇಲೂ ಬೇಡ ಅನ್ನುವ ಹಾಗಿಲ್ಲ. ಪದ ಒಂದೇ, ತಂದೆ ಒಬ್ಬನೇ, ರಕ್ಷಣೆಯ ದಿಕ್ಕು ಮಾತ್ರ ಉಲ್ಟಾ ಆಗಿದೆ. ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ. ಬಲಹೀನನಿಗೆ ಬೇಡ ಅನ್ನುವ ಶಕ್ತಿ ಕೊಡುವ ಕಾನೂನು ರಕ್ಷಣೆ. ಅವನ ಬದಲು ತಾನೇ ಹೂಂ ಅಂದುಬಿಡುವ ಕಾನೂನು ಯಜಮಾನಿಕೆ.

6

ಹಾಗಾದರೆ ನಮ್ಮನ್ನು ಸುಮ್ಮನೆ ಬಿಡಿ, ನಾವೂ ಎಲ್ಲರಂತೆ ವಯಸ್ಕರು ಅಂದರೆ ಸಾಕೇ? ಅಷ್ಟು ಸುಲಭ ಇಲ್ಲ. ಯಾಕೆಂದರೆ ನಮ್ಮನ್ನು ವಯಸ್ಕರು ಅಂತ ಕಾನೂನು ಒಪ್ಪಿಕೊಳ್ಳುವ ಒಂದು ಜಾಗ ಇದೆ. ಅದು ದೌರ್ಜನ್ಯದ ಕೇಸಿನಲ್ಲಿ ರಾಜಿಪತ್ರಕ್ಕೆ ರುಜು ಹಾಕುವ ಜಾಗ.

1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧಗಳನ್ನು ಫಿರ್ಯಾದಿ ತಾನಾಗಿ ರಾಜಿ ಮಾಡಿ ಮುಗಿಸುವ ಹಾಗಿಲ್ಲ. ಕಾಗದದಲ್ಲಿ ಹಾಗಿದ್ದರೂ ಊರಿನಲ್ಲಿ ಏನು ನಡೆಯುತ್ತದೆ ಅಂತ ಸಂಘಟನೆಯಲ್ಲಿರುವವರಿಗೆಲ್ಲ ಗೊತ್ತು. ಕೇಸಾದ ಮರುದಿನ ಕೂಲಿಗೆ ಕರೆಯುವುದಿಲ್ಲ. ಅಂಗಡಿಯಲ್ಲಿ ಸಾಮಾನಿಲ್ಲ. ಹಿಟ್ಟಿನ ಗಿರಣಿಯಲ್ಲಿ ಕರೆಂಟಿಲ್ಲ ಅಂತಾರೆ. ಹದಿನೈದು ದಿನಕ್ಕೆ ಪಂಚಾಯ್ತಿ ಕೂರುತ್ತದೆ. "ಆದದ್ದು ಆಯ್ತು ಕಣಪ್ಪಾ, ನಾಳೆನೂ ಒಂದೇ ಊರಲ್ಲಿ ಇರ್ಬೇಕಲ್ಲ" ಅಂತ ಹಿರಿಯರು ಹೇಳುತ್ತಾರೆ. ಆಮೇಲೆ ಬರುವ ಕಾಗದದಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ಸ್ವಸ್ಥಚಿತ್ತದಿಂದ ಬರೆದುಕೊಟ್ಟ ರಾಜಿಪತ್ರ. ಪರಿಹಾರದ ದುಡ್ಡು ಎಣಿಸುವಾಗ ಇಲ್ಲದ ಬುದ್ಧಿ, ಫಿರ್ಯಾದು ವಾಪಸು ತೆಗೆಯುವಾಗ ನಮಗೆ ಬಂದುಬಿಡುತ್ತದೆ!

2021ರ ಅಕ್ಟೋಬರ್ 25ರಂದು, ಮಧ್ಯಪ್ರದೇಶದ ರಾಮಾವತಾರ್ ಪ್ರಕರಣದಲ್ಲಿ, ಈ ಕಾಯ್ದೆಯಡಿಯ ಕೇಸನ್ನೂ ರಾಜಿಯ ಆಧಾರದ ಮೇಲೆ ರದ್ದು ಮಾಡಬಹುದು ಅಂತ ಸುಪ್ರೀಂ ಕೋರ್ಟು ಹೇಳಿತು. ಮೇಲುನೋಟಕ್ಕೆ ಖಾಸಗಿ ಅಥವಾ ಸಿವಿಲ್ ಜಗಳ ಅನ್ನಿಸಬೇಕು, ಇಲ್ಲವೇ ಜಾತಿಯ ಕಾರಣಕ್ಕೆ ನಡೆದದ್ದಲ್ಲ ಅನ್ನಿಸಬೇಕು ಅನ್ನುವ ಮಿತಿಗಳಿವೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಒತ್ತಡ ಬಿದ್ದಿರಬಹುದು, ಹಾಗೆ ಬಿದ್ದ ಸೂಚನೆ ಇದ್ದರೆ ಕೋರ್ಟು ಬಿಡುಗಡೆ ಕೊಡಕೂಡದು ಅಂತಲೂ ಅದೇ ತೀರ್ಪು ಎಚ್ಚರಿಸಿದೆ. ಹಾಗಾದರೆ ಒತ್ತಡ ಬಿದ್ದಿಲ್ಲ ಅಂತ ತಿಳಿಯುವ ಬಗೆ ಹೇಗೆ? ಮೈನರ್‌ನ ರಾಜಿಗೆ ಅಫಿಡವಿಟ್ ಬೇಕು, ವಕೀಲರ ಸರ್ಟಿಫಿಕೇಟ್ ಬೇಕು, ಒಳ್ಳೆಯದೋ ಅಲ್ಲವೋ ಅಂತ ನ್ಯಾಯಾಧೀಶರ ಪರೀಕ್ಷೆ ಬೇಕು. ಬಹಿಷ್ಕಾರಕ್ಕೆ ಒಳಗಾದ ಕೇರಿಯ ಒಬ್ಬನ ರಾಜಿಗೆ ಅಷ್ಟು ಕಾವಲೂ ಬರವಣಿಗೆಯಲ್ಲಿ ಇಲ್ಲ.

ಹಾಗಂತ ನಾವು ಕಾವಲೇ ಬೇಡ ಅನ್ನುವವರಲ್ಲ. ಕರ್ನಾಟಕದಲ್ಲೇ ನಮಗೆ ಬೇರೆ ಬಗೆಯ ಒಂದು ಕಾವಲಿನ ಅನುಭವ ಇದೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಪರಭಾರೆ ಮಾಡಿದ್ದರೆ ಅದು ಶೂನ್ಯ. ಇನ್ನು ಮುಂದೆ ಮಾರಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹತ್ತು ಮೂಟೆ ರಾಗಿಗೆ, ಮಗಳ ಮದುವೆ ಸಾಲಕ್ಕೆ ಬರೆಸಿಕೊಂಡ ಎಷ್ಟೋ ದರಖಾಸ್ತು ಜಮೀನು ಇದರಿಂದ ಹಿಂದಕ್ಕೆ ಬಂದಿದೆ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಜಮೀನು ವಾಪಸು ಕೇಳುವವರು ಸಮಂಜಸ ಕಾಲಾವಧಿಯೊಳಗೆ ಬರಬೇಕು ಅಂದಿತು. ಅದರ ಮೇಲೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ದಲಿತ ಸಂಘಟನೆಗಳು ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ಕಾಲಮಿತಿ ಅನ್ವಯಿಸದು ಅನ್ನುವ ತಿದ್ದುಪಡಿ ಬಂತು.

ಈ ಕಾಯ್ದೆಯ ಸ್ವಭಾವ ಗಮನಿಸಿ. ಇಲ್ಲಿ ಸರ್ಕಾರ ನಮ್ಮ ಹೆಸರಲ್ಲಿ ಜಮೀನು ಮಾರುವುದಿಲ್ಲ. ನಮ್ಮಿಂದ ಬರೆಸಿಕೊಂಡವನ ಕಾಗದ ನಿಲ್ಲುವುದಿಲ್ಲ ಅನ್ನುತ್ತದೆ, ಅಷ್ಟೇ. ಕಟ್ಟು ಬೀಳುವುದು ಬಲವಾದವನಿಗೆ. ಇದು 7ನೇ ನಿಯಮದ ಎರಡನೇ ಉಪನಿಯಮದ ಕುಲಕ್ಕೆ ಸೇರಿದ್ದು, ಭೋಪಾಲ ಕಾಯ್ದೆಯ ಕುಲಕ್ಕಲ್ಲ.

7

ಇಲ್ಲಿಗೆ ಬಂದಾಗ ನಾವು ಒಂದು ಮಾತು ಒಪ್ಪಿಕೊಳ್ಳಬೇಕಾಗುತ್ತದೆ. ಅಕ್ಷರ ಬಾರದವನನ್ನು ಮಗುವಿನ ಪಕ್ಕ ಕೂರಿಸಿದ್ದು ತಪ್ಪು ಅನ್ನುವಾಗ, ಮಗುವೋ ಬುದ್ಧಿ ಕಲಕಿದವರೋ ಏನೂ ಅರಿಯದವರು ಅಂತ ನಾವೂ ಒಳಗೊಳಗೇ ಒಪ್ಪಿಬಿಡುತ್ತೇವಾ? ಅಂಗವಿಕಲರ ಚಳವಳಿ ಇದಕ್ಕೆ ನಮಗಿಂತ ಚೆನ್ನಾಗಿ ಉತ್ತರ ಕೊಟ್ಟಿದೆ. 2006ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಸಹಿ ಹಾಕಿತು. ಅದರ ಹಿಂದೆಯೇ ಬಂದ 2016ರ ಕಾಯ್ದೆಯ 14ನೇ ಕಲಮು 'ಸೀಮಿತ ಪೋಷಕತ್ವ' ಅನ್ನುವ ಕಲ್ಪನೆ ತಂದಿತು. ಅದರಲ್ಲಿ ಪೋಷಕ ಒಬ್ಬನೇ ತೀರ್ಮಾನ ಮಾಡುವಂತಿಲ್ಲ. ಆ ವ್ಯಕ್ತಿಯ ಜೊತೆ ಸೇರಿ, ಅವರ ಇಚ್ಛೆ ತಿಳಿದುಕೊಂಡು ಮಾಡಬೇಕು. ಕೈ ಹಿಡಿದು ನಡೆಸುವುದು ಬೇರೆ, ಎತ್ತಿಕೊಂಡು ಹೋಗಿ ಬೇಕಾದ ಕಡೆ ಇಳಿಸುವುದು ಬೇರೆ.

ನಮ್ಮ ಕಡೆಯೂ ಅಂಥದೇ ಒಂದು ಕಿಂಡಿ ತೆರೆದಿದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ, 2016ರ ಜನವರಿ 26ರಿಂದ ಜಾರಿಗೆ ಬಂದದ್ದು, 15ಎ ಕಲಮನ್ನು ಸೇರಿಸಿತು. ಜಾಮೀನು ಸೇರಿದಂತೆ ಕೋರ್ಟಿನ ಕಲಾಪಗಳ ಬಗ್ಗೆ ನೊಂದವರಿಗೆ ತಿಳಿಸಬೇಕು. ಅವರಿಗೆ ಮಾತಾಡುವ ಹಕ್ಕಿದೆ. ಭೋಪಾಲದ ಹೆಣ್ಣುಮಕ್ಕಳು ಕೇಳಿದ್ದು ಇಷ್ಟನ್ನೇ, ಕರೆದು ಕೇಳಿ ಅಂತ. ಅದು ಸಣ್ಣ ತಪ್ಪಾಗಿರಲಿಲ್ಲ.

ಆದ್ದರಿಂದ ಕಾರ್ಯಕರ್ತ ಗೆಳೆಯರಿಗೆ, ಕಾನೂನು ಓದುತ್ತಿರುವ ತಮ್ಮ ತಂಗಿಯರಿಗೆ ನನ್ನದೊಂದು ಕೋರಿಕೆ. ನಮ್ಮವರ ರಾಜಿಪತ್ರಗಳನ್ನು ಓದಿ. ಮೈನರ್ ಮಕ್ಕಳಿದ್ದರೆ ಅಪ್ಪಣೆ ಕಡತದಲ್ಲಿ ಬರೆದಿದೆಯೇ, ಕಾರಣ ಇದೆಯೇ ಅಂತ ನೋಡಿ. ಲೋಕ ಅದಾಲತ್ತಿನಲ್ಲಾದ ರಾಜಿಗೆ ಮೇಲ್ಮನವಿ ಇಲ್ಲ ಅನ್ನುವುದನ್ನು ರುಜು ಹಾಕುವ ಮೊದಲೇ ಹೇಳಿ. ಒಂದೇ ದಿನ ರಾಶಿ ರಾಶಿ ಕೇಸು ಮುಗಿಸುವ ಆ ಗದ್ದಲದಲ್ಲಿ ಯಾರಾದರೂ ಅವರನ್ನು ಹತ್ತಿರ ಕರೆದು, ಅವರ ಮಾತಿನಲ್ಲೇ ವಿಷಯ ಹೇಳಿ, ಉತ್ತರಕ್ಕೆ ಕಾದರೇ ಅಂತ ವಿಚಾರಿಸಿ. ಠೇವಣಿಯ ಆದೇಶವಾದರೆ ತುರ್ತಿಗೆ ಹಣ ತೆಗೆಯಲು ಅರ್ಜಿ ಹಾಕಬಹುದು ಅನ್ನುವುದೂ ಅದೇ ಹಳೆಯ ಸೂಚನೆಗಳಲ್ಲೇ ಇದೆ, ಅದನ್ನು ಅವರಿಗೆ ತಿಳಿಸಿ, ಅರ್ಜಿ ಬರೆದುಕೊಡಿ. ದೌರ್ಜನ್ಯದ ಕೇಸಿನಲ್ಲಿ 'ಸ್ವಸ್ಥಚಿತ್ತದಿಂದ' ಅನ್ನುವ ಸಾಲು ಕಂಡರೆ, ಆ ದಿನ ಕೇರಿಯವರಿಗೆ ಕೂಲಿ ಇತ್ತೋ ಇಲ್ಲವೋ ಅಂತ ಬರೆದಿಟ್ಟುಕೊಳ್ಳಿ. ನಾಳೆ ನ್ಯಾಯಾಧೀಶರ ಮುಂದೆ ಅದನ್ನು ಹೇಳುವವರು ಬೇಕು.

ಕೋರ್ಟಿನ ಕಣ್ಣು ನಮ್ಮ ರಾಜಿಯ ಮೇಲೆ ಬೀಳಲಿ, ಬೇಡ ಅನ್ನುವುದಿಲ್ಲ. ಆದರೆ ಆ ಕಣ್ಣು ಮೊದಲು ಎದುರಿಗೆ ಕೂತವನ ಕೈಯನ್ನು ನೋಡಲಿ. ಆಮೇಲೆ ನಮ್ಮ ಬಾಯಿಂದ ಬರುವ ಮಾತಿಗೆ ಕಾಯಲಿ.